ಇಂಗ್ಲಿಷಲ್ಲಿ ಹೇಳು

ಅಮ್ಮ ಹುಟ್ಟಿದ ದೇಶಕ್ಕೆ ಮಗಳು ಕೆಲಸಕ್ಕೆಂದು ಹೊರಟು ನಿಂತಾಗ ಅಮ್ಮನೇ ಅಡ್ಡ ಬಂದಳು. "ನಾನು ಬಿಟ್ಟು ಬಂದ ಕಡೆ ನೀನು ಹೋಗಿ ಏನೇ ಮಾಡ್ತೀಯ?"

"ಇಂಗ್ಲಿಷ್ ಹೇಳ್ಕೊಡ್ತೀನಿ."

"ಅಲ್ಲಿನವರಿಗೆ ಮಾತು ಬೇಕಾದಷ್ಟು ಬರುತ್ತೆ. ಇನ್ನೊಂದು ಯಾಕೆ?" ಎಂದು ಅಮ್ಮ ಪಾತ್ರೆ ತಿಕ್ಕಲು ತಿರುಗಿದಳು.

ಮಗಳು ಕೇಳಲಿಲ್ಲ. ಅವಳ ಮದುವೆ ಮುರಿದಿತ್ತು, ಇದ್ದ ಕೆಲಸವೂ ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ಹಳೆಯ ಆಸೆಯಿತ್ತು. ಅವಳು ಹುಟ್ಟಿ ಬೆಳೆದ ಊರಿನಲ್ಲಿ ಅಮ್ಮನ ಮಾತು ಅಡುಗೆಮನೆ ದಾಟಿ ಹೊರಗೆ ಬಂದದ್ದೇ ಇಲ್ಲ. ಅಮ್ಮ ಬೈದರೂ ಅದೇ ಮಾತು, ಮುದ್ದು ಮಾಡಿದರೂ ಅದೇ. ಬಾಗಿಲು ದಾಟಿದರೆ ಇಂಗ್ಲಿಷ್. ಆ ಮಾತನ್ನು ಬಸ್ಸಿನಲ್ಲಿ, ಅಂಗಡಿಯಲ್ಲಿ, ಬೀದಿ ಜಗಳದಲ್ಲಿ ಊರಿಗೆ ಊರೇ ಆಡುವುದನ್ನು ಕಿವಿಯಾರೆ ಕೇಳಬೇಕು ಅನ್ನುವ ಆಸೆ.

ಕೆಲಸ ಕೊಡಿಸಿದವರು ಸೋದರಮಾವ. ಊರಿನ ಇನ್ನೊಂದು ತುದಿಯ ಖಾಸಗಿ ಶಾಲೆಗೆ ಅವರು ಎರಡು ವ್ಯಾನು ಬಿಟ್ಟಿದ್ದರು. ಒಂದನ್ನು ತಾವೇ ಓಡಿಸುತ್ತಿದ್ದರು. ಮೊದಲ ಕೆಲವು ದಿನ ಅವಳು ಮಾವನ ಮನೆಯ ಸುತ್ತಲಿನ ಅಂಗಡಿಗಳಲ್ಲೇ ಕಳೆದಳು. ಬರೀ ಮಾತಾಡುವ ಚಪಲಕ್ಕೆ ಬೇಡದ ಬಕೆಟ್ಟಿಗೂ ಚೌಕಾಸಿ ಮಾಡಿ ಹೊತ್ತು ತಂದಳು. "ಇನ್ನೆರಡು ಬಕೆಟ್ ತಾರೇ, ನಾವೇ ಅಂಗಡಿ ಇಟ್ಟುಬಿಡೋಣ," ಎಂದು ಅತ್ತೆ ನಕ್ಕರು.

ಶಾಲೆಯಲ್ಲಿ ಪ್ರಿನ್ಸಿಪಾಲರು ಅವಳನ್ನು ಎದುರಿಗೆ ಕೂರಿಸಿಕೊಂಡು ನಯವಾಗಿ ಹೇಳಿದರು: "ಮೇಡಂ, ನಿಮಗೆ ನಮ್ಮ ಮಾತು ಬರೋದಿಲ್ಲ."

"ಬರುತ್ತಲ್ಲ ಸಾರ್. ಈಗ ಅದರಲ್ಲೇ ಮಾತಾಡ್ತಿದ್ದೀನಿ."

"ಬರುತ್ತೆ, ನನಗೂ ಗೊತ್ತು. ಆದರೆ ಗೇಟಿನ ಒಳಗೆ ಬರೋದಿಲ್ಲ. ಫಾರಿನ್ ಟೀಚರ್ ಬರ್ತಾರೆ ಅಂತ ಪೇರೆಂಟ್ಸ್‌ಗೆ ಹೇಳಿದ್ದೀವಿ. ಮುಖ ನೋಡಿದ್ರೆ ಯಾರೂ ನಂಬಲ್ಲ. ಮುಖ ಬದಲಾಯಿಸೋಕಂತೂ ಆಗಲ್ಲ, ಬಾಯಾದ್ರೂ ಬದಲಾಗಲಿ. ವ್ಯಾನಿನವರು ನಿಮ್ಮ ಮಾವ ಅಂತಾನೂ ಯಾರಿಗೂ ಹೇಳಬೇಡಿ. ಮಕ್ಕಳು ಏನು ಕೇಳಿದ್ರೂ 'ಇಂಗ್ಲಿಷಲ್ಲಿ ಹೇಳು' ಅನ್ನಿ. ಬೇರೆ ದಾರಿ ಇಲ್ಲ ಅಂತ ಗೊತ್ತಾದ್ರೆ ಕಲೀತಾವೆ."

ಪ್ರತಿ ತರಗತಿಯ ಕಪ್ಪು ಹಲಗೆಯ ಮೇಲೊಂದು ಕ್ಯಾಮೆರಾ ಇತ್ತು. ಅದರಲ್ಲಿ ಕಂಡದ್ದು, ಕೇಳಿದ್ದು ಎಲ್ಲ ಪ್ರಿನ್ಸಿಪಾಲರ ಕೋಣೆಯ ಪರದೆಗೆ ಬರುತ್ತಿತ್ತು.

ಹೀಗೆ ಅವಳು 'ಫಾರಿನ್ ಮಿಸ್' ಆದಳು. ಟೀಚರುಗಳ ಕೋಣೆಯಲ್ಲಿ ಅವಳ ಎದುರಿಗೇ ಅವಳ ಬಗ್ಗೆ ಮಾತು ನಡೆಯುತ್ತಿತ್ತು. "ಫಾರಿನ್ ಅಂತೆ! ನೋಡೋಕೆ ಥೇಟ್ ನಮ್ಮ ನಾದಿನಿ," ಎಂದು ಲೆಕ್ಕದ ಟೀಚರು ಅಂದಾಗ ಬಂದ ನಗುವನ್ನು ಬಿಸಿ ಚಹಾದ ಜೊತೆ ನುಂಗಿ ಅವಳು ನಾಲಿಗೆ ಸುಟ್ಟುಕೊಂಡಳು. ಮೊದಮೊದಲು ಅದೊಂದು ಆಟದಂತಿತ್ತು. ಬರುಬರುತ್ತಾ ಆಟ ಬೇಸರವಾಯಿತು. ಕೇಳಬೇಕೆಂದು ಸಮುದ್ರ ದಾಟಿ ಬಂದ ಮಾತು ಸುತ್ತಲೂ ಸುರಿಯುತ್ತಿದ್ದರೂ ಅವಳು ಕಿವುಡಿಯ ಹಾಗೆ ಕೂತಿರಬೇಕಿತ್ತು.

ಅವಳ ತರಗತಿಯಲ್ಲಿ ಆರೇಳು ವರ್ಷದ ಒಂದು ಹುಡುಗಿ ಇದ್ದಳು. ಎಲ್ಲರೂ ಅವಳನ್ನು ಚಿನಕುರುಳಿ ಅನ್ನುತ್ತಿದ್ದರು. ಬಾಯಿ ತೆರೆದರೆ ಪಟಪಟ ಸಿಡಿಯುವ ಮಾತು. ತಾಯಿ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು, ಶಾಲೆಯ ಅರ್ಧ ಮಕ್ಕಳ ಯೂನಿಫಾರ್ಮು ಅವಳದೇ ಕೈಕೆಲಸ. ಎಲ್ಲರ ಬಾಯಲ್ಲೂ ಅವಳು ಟೈಲರಮ್ಮ. ಮಗಳು ಇಂಗ್ಲಿಷಿನಲ್ಲಿ ಮಾತಾಡಬೇಕು ಅನ್ನುವ ಒಂದೇ ಹಟಕ್ಕೆ ಅತ್ತೆಯ ಜೊತೆ ಜಗಳವಾಡಿ ಈ ಶಾಲೆಗೆ ಸೇರಿಸಿದ್ದಳು. ಆದರೆ ಫಾರಿನ್ ಮಿಸ್ ಎದುರು ಚಿನಕುರುಳಿ ನೆನೆದ ಪಟಾಕಿ. ಅವಳಿಗೆ ಬರುತ್ತಿದ್ದದ್ದು ವಾಟರ್, ಟಾಯ್ಲೆಟ್, ಥ್ಯಾಂಕ್ಯೂ, ಸಾರಿ. ಅಷ್ಟರಲ್ಲೇ ಸಂಸಾರ ಸಾಗಿಸುತ್ತಿದ್ದಳು.

ಆ ದಿನ ಬೆಳಿಗ್ಗೆ ಹುಡುಗಿ ಮಾವನ ವ್ಯಾನಿನಿಂದ ಕುಪ್ಪಳಿಸಿಕೊಂಡೇ ಇಳಿದಳು. ಎರಡನೆಯ ಪಿರಿಯಡ್ಡಿನ ಹೊತ್ತಿಗೆ ಡೆಸ್ಕಿನ ಮೇಲೆ ತಲೆಯಿಟ್ಟಿದ್ದಳು.

"ಮಿಸ್, ಹೊಟ್ಟೆ ನೋಯ್ತಿದೆ."

ಅರ್ಥವಾಗದೆ ಏನು? ಅಮ್ಮನಿಗೆ ತಾನೇ ಚಿಕ್ಕಂದಿನಲ್ಲಿ ನೂರು ಸಲ ಹೇಳಿದ್ದ ಮಾತು ಅದು. ಆದರೂ ಕಣ್ಣು ಕ್ಯಾಮೆರಾದ ಕಡೆ ಹೋಯಿತು. ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು: "ಇಂಗ್ಲಿಷಲ್ಲಿ ಹೇಳು."

ಹುಡುಗಿ ಯೋಚಿಸಿದಳು. "ಟಾಯ್ಲೆಟ್?" ಅಂದಳು. ಹೋಗಿ ಬಂದಳು. ಮತ್ತೆ ಮುದುಡಿ ಕೂತಳು. ಪಕ್ಕದವಳು ಏನೋ ಪಿಸುಗುಟ್ಟಿದಾಗ ತಲೆ ಎತ್ತಿ, ತುಟಿ ಕಚ್ಚಿಕೊಂಡು, ಇನ್ನೊಂದು ಪದ ಹುಡುಕಿ ತೆಗೆದಳು: "ಸಾರಿ, ಮಿಸ್."

ಆಗ ಫಾರಿನ್ ಮಿಸ್‌ಗೆ ತಡೆಯಲಾಗಲಿಲ್ಲ. ಹುಡುಗಿಯನ್ನು ಎತ್ತಿಕೊಂಡು ಆಫೀಸಿಗೆ ಓಡಿದಳು. "ಈ ಮಗುವಿಗೆ ತುಂಬ ಹೊಟ್ಟೆನೋವು. ಮನೆಗೆ ಫೋನ್ ಮಾಡಿ," ಎಂದು ಇಂಗ್ಲಿಷಿನಲ್ಲೇ ಹೇಳಿದಳು.

ಪ್ರಿನ್ಸಿಪಾಲರು ಪರದೆಯಿಂದ ಕಣ್ಣು ತೆಗೆದು ನಕ್ಕರು. "ನಾಳೆ ಟೆಸ್ಟ್ ಇದೆಯಲ್ಲ ಮೇಡಂ? ಟೆಸ್ಟ್ ಬಂದ್ರೆ ಹೊಟ್ಟೆನೋವೂ ಬರುತ್ತೆ. ಆ ಬೆಂಚಿನ ಮೇಲೆ ಮಲಗಲಿ, ಆಯಾ ಬಿಸಿನೀರು ಕೊಡ್ತಾಳೆ. ಫೋನ್ ನಾವು ಮಾಡ್ತೀವಿ, ನೀವು ಕ್ಲಾಸಿಗೆ ಹೋಗಿ."

ಊಟದ ಬಿಡುವಿನಲ್ಲಿ ಬಂದು ನೋಡಿದಾಗ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಣೆ ಒದ್ದೆಯಾಗಿತ್ತು. ಫೋನ್ ಆಯಿತಾ ಎಂದು ಕೇಳಿದರೆ ಆಫೀಸಿನಲ್ಲಿ ಆಯಿತು ಅಂದರು. ಅವಳು ಆಚೀಚೆ ನೋಡಿ, ಬಗ್ಗಿ, ಹುಡುಗಿಯ ಕಿವಿಯಲ್ಲಿ ಅಮ್ಮನ ಮಾತಿನಲ್ಲೇ ಹೇಳಿದಳು: "ಅಮ್ಮ ಬರ್ತಾ ಇದಾರೆ ಕಂದಾ."

ಹುಡುಗಿ ಕಣ್ಣು ಬಿಟ್ಟಳು. ನೋವಿನಲ್ಲೂ ಅವಳಿಗೆ ಆಶ್ಚರ್ಯ. "ಮಿಸ್, ನಿಮಗೆ ಬರುತ್ತಾ?"

ಅಷ್ಟರಲ್ಲಿ ಪ್ರಿನ್ಸಿಪಾಲರ ಕೋಣೆಯ ಬಾಗಿಲು ತೆರೆಯಿತು. ಮಿಸ್ ಎದ್ದು ನಿಂತಳು.

ಫೋನ್ ಯಾರೂ ಮಾಡಿರಲಿಲ್ಲ. ಸಂಜೆ ಹುಡುಗಿಯನ್ನು ಎಂದಿನಂತೆ ಮಾವನ ವ್ಯಾನಿನಲ್ಲೇ ಮನೆಗೆ ಕಳಿಸಿದರು. ತಾಯಿ ಮುಟ್ಟಿ ನೋಡಿದಾಗ ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಆಸ್ಪತ್ರೆಯಲ್ಲಿ ಕರುಳು ತಿರುಚಿಕೊಂಡಿದೆ ಅಂದರು, ಕೊಯ್ದರು. ಬೆಳಗಾಗುವಷ್ಟರಲ್ಲಿ ಹುಡುಗಿ ಹೋಗಿಬಿಟ್ಟಳು. "ಹಗಲೇ ತಂದಿದ್ದರೆ ನೋಡಬಹುದಿತ್ತು," ಎಂದು ಡಾಕ್ಟರು ಕೈಚೆಲ್ಲಿದರು.

ಶಾಲೆಗೆ ಒಂದು ದಿನ ರಜೆ ಕೊಟ್ಟರು. ಮಾರನೆಯ ದಿನವೇ ಮಾತು ಸುತ್ತಾಡತೊಡಗಿತು: ಹುಡುಗಿಗೆ ಮನೆಯಲ್ಲೇ ಹೊಟ್ಟೆನೋವಿತ್ತಂತೆ, ತಾಯಿಯೇ ಟೆಸ್ಟಿನ ಮುಂಚಿನ ಪಾಠ ತಪ್ಪುತ್ತೆ ಅಂತ ಬಲವಂತವಾಗಿ ಕಳಿಸಿದಳಂತೆ. ಆ ಮಾತು ಎಲ್ಲಿಂದ ಹುಟ್ಟಿತೆಂದು ಯಾರೂ ಕೇಳಲಿಲ್ಲ. ಟೈಲರಮ್ಮನ ಅತ್ತೆ ಅದನ್ನೇ ಹಿಡಿದುಕೊಂಡಳು. ಗಂಡ ಹೆಂಡತಿಯ ಜೊತೆ ಮಾತು ಬಿಟ್ಟ.

ಪ್ರಿನ್ಸಿಪಾಲರು ಫಾರಿನ್ ಮಿಸ್ಸನ್ನು ಕರೆಸಿದರು. "ವಿಚಾರಣೆಗೆ ಅಧಿಕಾರಿ ಬರ್ತಾರೆ. ನೀವು ಹೆದರಬೇಡಿ. ಮಗು ಏನು ಹೇಳ್ತೋ ನಿಮಗೆ ಅರ್ಥ ಆಗಿಲ್ಲ, ಯಾಕಂದ್ರೆ ನಿಮಗೆ ಭಾಷೆ ಬರಲ್ಲ. ನೀವು ಬಚಾವ್, ಶಾಲೇನೂ ಬಚಾವ್."

"ನಾನು ಎತ್ತಿಕೊಂಡು ಬಂದು ನಿಮಗೆ ಹೇಳಿದೆನಲ್ಲ ಸಾರ್?"

"ನನಗೆ ಯಾರೂ ಏನೂ ಹೇಳಿಲ್ಲ," ಎಂದರು ಪ್ರಿನ್ಸಿಪಾಲರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಮನೆಗೆ ಬಂದು ಮಾವನ ಮುಂದೆ ಕೂತಳು. "ಮಾವ, ಅವತ್ತು ಬೆಳಿಗ್ಗೆ ಅವಳು ವ್ಯಾನಲ್ಲಿ ಹೇಗಿದ್ದಳು?"

ಮಾವ ಎದ್ದು ವ್ಯಾನಿನ ಕೀಲಿಯನ್ನು ಮೊಳೆಗೆ ನೇತುಹಾಕಿದರು. "ಹಾಡ್ತಾ ಬಂದಳು. ಸುಮ್ನಿರಮ್ಮಾ ಅಂತ ನಾನೇ ಗದರಿದೆ."

"ಹಾಗಂತ ಹೇಳ್ತೀರಾ?"

"ಹೇಳಿದ್ರೆ ನಾಳೆ ಎರಡೂ ವ್ಯಾನು ಮನೆ ಮುಂದೆ ನಿಲ್ಲುತ್ತೆ. ಈ ವಯಸ್ಸಲ್ಲಿ ನನಗೆ ಇನ್ಯಾರು ಕೆಲಸ ಕೊಡ್ತಾರೆ? ಹೋದ ಜೀವ ಅಂತೂ ಬರಲ್ಲ. ನೀನೂ ಬಾಯಿಗೆ ಬೀಗ ಹಾಕ್ಕೊಂಡು ಇದ್ದುಬಿಡು."

ಅತ್ತೆ ತಟ್ಟೆ ತಂದಿಟ್ಟು, ಯಾರ ಮುಖವನ್ನೂ ನೋಡದೆ ಒಳಗೆ ಹೋದರು.

ಅವಳು ಟೈಲರಮ್ಮನ ಮನೆ ಹುಡುಕಿಕೊಂಡು ಹೋದಳು. ಒಂದೇ ಕೋಣೆ. ಹೊಲಿದು ಮುಗಿಯದ ಯೂನಿಫಾರ್ಮುಗಳು ಮೆಷಿನಿನ ಮೇಲೆ ಹಾಗೇ ಬಿದ್ದಿದ್ದವು. ಟೈಲರಮ್ಮ ನೆಲದ ಮೇಲೆ ಕೂತಿದ್ದವಳು, ಮಗಳ ಮಿಸ್ಸನ್ನು ನೋಡಿ ಗಡಬಡಿಸಿ ಎದ್ದು, ತನಗೆ ಗೊತ್ತಿದ್ದ ಎರಡು ಇಂಗ್ಲಿಷ್ ಪದ ಸೇರಿಸಿ ಸ್ವಾಗತಿಸಲು ಹೊರಟಳು. ಫಾರಿನ್ ಮಿಸ್‌ಗೆ ಅದನ್ನು ಕೇಳಲಾಗಲಿಲ್ಲ.

"ಬೇಡಮ್ಮ. ನನಗೆ ನಮ್ಮ ಮಾತು ಬರುತ್ತೆ. ಬೆಳಿಗ್ಗೆ ನಿಮ್ಮ ಮಗಳು ಚೆನ್ನಾಗಿಯೇ ಇದ್ದಳು. ನೋವು ಶುರುವಾಗಿದ್ದು ಶಾಲೆಯಲ್ಲಿ. ನಾನು ಆಫೀಸಿಗೆ ಕರ್ಕೊಂಡು ಹೋಗಿ ಫೋನ್ ಮಾಡಿ ಅಂದೆ, ಅವರು ಮಾಡಲಿಲ್ಲ. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ."

ಟೈಲರಮ್ಮ ಅವಳನ್ನೇ ನೋಡಿದಳು. ಮುಖದಲ್ಲಿ ಏನೋ ಸಡಿಲಾಗಿ, ಆಮೇಲೆ ಮತ್ತೆ ಬಿಗಿಯಾಯಿತು.

"ನಿಮಗೆ ಬರುತ್ತೆ."

"ಹೂಂ."

"ಹಾಗಾದ್ರೆ ಅವಳು ನಿಮಗೆ ಹೇಳಿರಬೇಕಲ್ಲ? ನಮ್ಮ ಮಾತಲ್ಲೇ?"

"ಹೇಳಿದಳು. ಹೊಟ್ಟೆ ನೋಯ್ತಿದೆ ಅಂದಳು."

"ನೀವೇನು ಅಂದ್ರಿ?"

ಮೆಟ್ಟಿಲು ಹತ್ತುವಾಗಲೇ ಈ ಪ್ರಶ್ನೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. "ಇಂಗ್ಲಿಷಲ್ಲಿ ಹೇಳು ಅಂದೆ."

ಟೈಲರಮ್ಮ ಬಾಗಿಲು ತೆರೆದು ಹಿಡಿದಳು. ಫಾರಿನ್ ಮಿಸ್ ಹೊರಗೆ ಬಂದ ಮೇಲೆ ಸದ್ದಾಗದಂತೆ ಮುಚ್ಚಿದಳು.

ವಿಚಾರಣೆಯ ದಿನ ಅವಳು ಅಧಿಕಾರಿಯ ಮುಂದೆ ಎಲ್ಲವನ್ನೂ ಅಮ್ಮನ ಮಾತಿನಲ್ಲೇ ಹೇಳಿದಳು. ಬಾಗಿಲ ಬಳಿಯಿದ್ದ ಲೆಕ್ಕದ ಟೀಚರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಪ್ರಿನ್ಸಿಪಾಲರು ಮಾತ್ರ ಗಲಿಬಿಲಿಯಾಗಲಿಲ್ಲ. ಕೇಳಿ ಮುಗಿಸಿ ನಿಟ್ಟುಸಿರು ಬಿಟ್ಟರು.

"ನೋಡಿದ್ರಾ ಸಾರ್? ಭಾಷೆ ಬರಲ್ಲ ಅಂತ ನಮಗೆ ಸುಳ್ಳು ಹೇಳಿ ಸೇರಿದ್ದಾರೆ. ಮಗು ನೋವು ಅಂತ ಹೇಳಿದ್ದು ಅರ್ಥ ಆಗಿಯೂ ಇಂಗ್ಲಿಷಲ್ಲಿ ಹೇಳು ಅಂದಿದ್ದಾರೆ. ಆಫೀಸಿಗೆ ಬಂದಾಗ ಮಗು ಸುಸ್ತಾಗಿದೆ, ಸ್ವಲ್ಪ ಮಲಗಲಿ ಅಂದ್ರು, ಅಷ್ಟೇ."

ಆಯಾಳನ್ನು ಕರೆಸಿದರು. ಆಯಾ ನೆಲ ನೋಡುತ್ತಾ, ತನಗೆ ಇಂಗ್ಲಿಷ್ ಬರಲ್ಲ, ಮಿಸ್ ಏನಂದರೋ ತಿಳಿಯಲಿಲ್ಲ ಅಂದಳು. ಅದು ನಿಜವೇ ಆಗಿತ್ತು. ಕ್ಯಾಮೆರಾದ ಆ ದಿನದ ಚಿತ್ರ ಸಿಗಲಿಲ್ಲವೆಂದರು. ಬೆಳಿಗ್ಗೆ ಹುಡುಗಿ ಹೇಗಿದ್ದಳೆಂದು ಮಾವನನ್ನು ಕೇಳಿದರು. ಮಾವ ವ್ಯಾನಿನ ಕೀಲಿ ತಿರುವುತ್ತಾ, "ಬೆಳಿಗ್ಗೆ ಟ್ರಾಫಿಕ್ಕು ಸಾರ್, ನಾನು ರಸ್ತೆ ನೋಡ್ತಿದ್ದೆ. ಮಕ್ಕಳನ್ನ ಗಮನಿಸಲಿಲ್ಲ," ಎಂದರು. ಸೋದರಸೊಸೆಯ ಕಡೆ ತಿರುಗಿಯೂ ನೋಡಲಿಲ್ಲ.

ಗೂಬೆಯನ್ನು ಅವಳ ತಲೆಯ ಮೇಲೆ ಕೂರಿಸಿ ಎಲ್ಲರೂ ಕೈ ತೊಳೆದುಕೊಂಡರು. ನೋವು ಶುರುವಾದದ್ದು ಶಾಲೆಯಲ್ಲೇ, ತಪ್ಪು ಟೀಚರಿನದು ಎಂದು ಅಧಿಕಾರಿ ಬರೆದರು. ಶಾಲೆಗೆ ಒಂದು ಎಚ್ಚರಿಕೆ. ಅವಳ ಕೆಲಸ ಹೋಯಿತು, ಇನ್ನೆಲ್ಲೂ ಪಾಠ ಹೇಳದಂತೆಯೂ ಆಯಿತು. ಅದರಿಂದ ಒಂದೇ ಒಂದು ಒಳ್ಳೆಯದಾಯಿತು: ತಾಯಿಯೇ ಕಳಿಸಿ ಕೊಂದಳು ಅನ್ನುವ ಮಾತು ನಿಂತಿತು. ಟೈಲರಮ್ಮನ ಗಂಡ ಹೆಂಡತಿಯ ಜೊತೆ ಮತ್ತೆ ಮಾತಾಡುತ್ತಿದ್ದಾನೆಂದು ಮನೆಯಲ್ಲಿ ಅತ್ತೆ ಎಲ್ಲೋ ಕೇಳಿಕೊಂಡು ಬಂದು ಹೇಳಿದರು. ಅದೇ ಉಸಿರಿನಲ್ಲಿ, "ನೀನು ಬೇರೆ ರೂಮು ನೋಡ್ಕೋಬೇಕಮ್ಮ. ನಿನ್ನ ಮಾವನಿಗೆ ನಿನ್ನ ಎದುರಿಗೆ ಕೂತು ಊಟ ಇಳೀತಿಲ್ಲ," ಎಂದೂ ಸೇರಿಸಿದರು.

ಟೈರು ಅಂಗಡಿಯ ಮೇಲೊಂದು ಕೋಣೆ ಸಿಕ್ಕಿತು. ದಿನವಿಡೀ ಗಾಳಿ ಹೊಡೆಯುವ ಸದ್ದು, ರಬ್ಬರಿನ ವಾಸನೆ. ಅಮ್ಮ ಫೋನಿನಲ್ಲಿ, "ಬಂದುಬಿಡೇ, ಇನ್ನೇನು ಉಳಿದಿದೆ ಅಲ್ಲಿ?" ಎಂದಳು. ಅವಳೂ ಟಿಕೆಟ್ ತೆಗೆಸಿದಳು.

ಹೊರಡುವ ವಾರ ಒಂದು ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ಟೈಲರಮ್ಮ. ಹೊಲಿದ ಬಟ್ಟೆ ಕೊಟ್ಟು ಖಾಲಿಯಾದ ಚೀಲ ಕೈಯಲ್ಲಿತ್ತು. ಒಳಗೆ ಬಂದು ಕುರ್ಚಿ ಬಿಟ್ಟು ನೆಲದ ಮೇಲೇ ಕೂತಳು.

"ನೀವು ಹೊರಟಿದ್ದೀರಂತೆ. ಕ್ಷಮಿಸಿದ್ದೀನಿ ಅಂತ ತಿಳ್ಕೋಬೇಡಿ, ಅದು ನನ್ನ ಕೈಲಾಗಲ್ಲ."

"ಗೊತ್ತು."

"ನನಗೆ ಮನೆಯಲ್ಲಿದ್ದ ಹುಡುಗಿ ಗೊತ್ತು, ಅಷ್ಟೇ. ಅರ್ಧ ದಿನ ಅವಳು ನಿಮ್ಮ ಹತ್ರ ಇರ್ತಿದ್ದಳು. ನಾನು ಬೆಳಿಗ್ಗೆ ಕಳಿಸ್ತಿದ್ದೆ, ಸಂಜೆ ಬರ್ತಿದ್ದಳು. ನಡುವೆ ಏನು ಮಾಡ್ತಿದ್ದಳು ಅಂತ ನನಗೆ ಗೊತ್ತಿಲ್ಲ. ನೀವು ಹೋದ್ರೆ ಇನ್ಯಾರನ್ನ ಕೇಳಲಿ? ಹೇಳಿ."

ಅವಳು ಎದುರಿಗೆ ಕೂತು ಹೇಳತೊಡಗಿದಳು. ಪೆನ್ಸಿಲ್ಲು ಮೊಂಡಾಗದಿದ್ದರೂ ಕಸದ ಬುಟ್ಟಿಯ ಹತ್ತಿರ ಹೋಗಿ ಚೂಪು ಮಾಡುತ್ತಾ ಮುಂದಿನ ಸಾಲಿನವರ ಜೊತೆ ಹರಟುತ್ತಿದ್ದದ್ದು. ಕಿಟಕಿಯ ಪಕ್ಕದ ಜಾಗಕ್ಕಾಗಿ ವಾರಕ್ಕೊಬ್ಬಳ ಜೊತೆ ಗೆಳೆತನ ಮಾಡುತ್ತಿದ್ದದ್ದು. ಪ್ರಿನ್ಸಿಪಾಲರು ಹೊಟ್ಟೆ ಮುಂದೆ ಮಾಡಿ ನಡೆಯುವುದನ್ನು ಅವರ ಬೆನ್ನ ಹಿಂದೆಯೇ ನಡೆದು ತೋರಿಸಿದ್ದು. ಅದಕ್ಕೆ ಟೈಲರಮ್ಮ ಒಮ್ಮೆ ಫಕ್ಕನೆ ನಕ್ಕಳು. ನಕ್ಕ ಬಾಯನ್ನು ಕೈಯಿಂದ ಒತ್ತಿ ಹಿಡಿದು ಬಗ್ಗಿ ಕೂತಳು. ಕೆಳಗೆ ಯಾವುದೋ ಲಾರಿಯ ಟೈರಿಗೆ ಗಾಳಿ ಹೊಡೆಯುವ ಸದ್ದು ನಿಂತ ಮೇಲೆ ತಲೆ ಎತ್ತಿದಳು.

"ಮತ್ತೆ?"

ಅವಳು ಮತ್ತೆ ಹೇಳಿದಳು. ನೆನಪಿದ್ದದ್ದು ಮುಗಿದು, ನೆನಪಾದದ್ದೂ ಮುಗಿಯಿತು. ಬಿಸಿಲು ಗೋಡೆ ಹತ್ತಿತ್ತು. ಇನ್ನು ಹೇಳಲು ಏನೂ ಉಳಿದಿರಲಿಲ್ಲ.

"ಮತ್ತೆ?" ಎಂದಳು ಟೈಲರಮ್ಮ.