ಸರ್ವೆ ನಂಬರ್ ನಲವತ್ತೇಳು

"ಅಳೋದನ್ನ ಮಧ್ಯಾಹ್ನಕ್ಕೆ ಇಟ್ಕೊಳ್ರೇ, ಲೌಡೀರಾ. ಸಾಯೋಕೆ ಇವತ್ತೇ ಬೇಕಾಗಿತ್ತಾ ಆ ಮುಂಡೇಗೆ?"

ಊರಿನ ಮುಖಂಡ ಚನ್ನರಾಯಪ್ಪ ಕಾಲೋನಿಯ ಬಾಯಲ್ಲೇ ಬುಲೆಟ್ಟು ನಿಲ್ಲಿಸಿಕೊಂಡು ಕಿರುಚುತ್ತಿದ್ದ. ಗಾಡಿಯಿಂದ ಇಳಿಯಲಿಲ್ಲ. ಇಳಿದರೆ ಹೊಸ ಬಿಳಿ ಪ್ಯಾಂಟಿಗೆ ಕಾಲೋನಿಯ ಮಣ್ಣು ಹತ್ತುತ್ತದೆ, ಮನೆಗೆ ಹೋಗಿ ಮತ್ತೆ ಸ್ನಾನ ಮಾಡಬೇಕಾಗುತ್ತದೆ. ಒಳಗೆ ಶೀಟಿನ ಮನೆಯ ಮುಂದೆ ಚಾಪೆಯ ಮೇಲೆ ಮುನಿಶಾಮಮ್ಮನ ಹೆಣ ಮಲಗಿಸಿದ್ದರು. ಬೆಳಿಗ್ಗೆ ಒಲೆ ಹಚ್ಚಲು ಕೂತವಳು ಎದೆ ಹಿಡಿದುಕೊಂಡು ಹಾಗೇ ಪಕ್ಕಕ್ಕೆ ವಾಲಿದ್ದಳು.

ಗಂಡ ಕದಿರಪ್ಪ ಎದ್ದು ಬಂದು ಕೈ ಮುಗಿದ. "ಸಾಮಿ, ಹೆಣ ಮುಂದಿಟ್ಕೊಂಡು ಬಾಯ್ ಮುಚ್ಕೊಂಡಿರು ಅಂದ್ರೆ ಹೆಂಗೆ ಸಾಮಿ."

"ಹೆಂಗೋ ಏನೋ. ಹನ್ನೊಂದಕ್ಕೆ ಎಮ್ಮೆಲ್ಲೆ ಸಾಹೇಬ್ರು ಬರ್ತಾರೆ. ಕೆರೆಗೆ ಬಾಗಿನ, ಆಮೇಲೆ ಅವರ ಸಾಧನೆ ಪುಸ್ತಕ ಬಿಡುಗಡೆ. ನಿಮ್ಮ ತಮಟೆ, ಗೋಳಾಟ ಮೈಕಲ್ಲಿ ಕೇಳಿಸ್ತು ಅಂದ್ರೆ ಒಬ್ಬೊಬ್ಬನ ಚರ್ಮ ಸುಲೀತೀನಿ. ನೀನು ಹತ್ತೂವರೆಗೆ ಏರಿ ಮೇಲಿರ್ಬೇಕು. ಬಾಗಿನ ನೀರಿಗೆ ಬಿಡೋನು ನೀನೇ."

"ಸೂತಕ ಐತೆ ಸಾಮಿ."

"ಯಾವನಿಗ್ಲಾ ಗೊತ್ತು? ಸತ್ತಿದಾಳೆ ಅಂತ ನೀನು ಹೇಳ್ಬೇಕು, ಇಲ್ಲಾ ಅವಳೇ ಎದ್ದು ಬಂದು ಹೇಳ್ಬೇಕು." ತನ್ನ ಮಾತಿಗೆ ತಾನೇ ನಕ್ಕು ಚನ್ನರಾಯಪ್ಪ ಗಾಡಿ ತಿರುಗಿಸಿದ.

ಕದಿರಪ್ಪ ಆ ಊರಿನ ನೀರಗಂಟಿ. ತಾತನ ಕಾಲದಿಂದ ಕೆರೆಯ ತೂಬು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸುವುದು ಆ ಮನೆಯವರ ಕೆಲಸ. ಊರವರ ಮನೆಯ ಹೊಸಿಲು ದಾಟುವ ಹಾಗಿಲ್ಲ, ಆದರೆ ಊರವರ ಕೆರೆಗೆ ಮೊದಲು ಇಳಿಯಬೇಕಾದವನು ಅವನೇ. ಕೆರೆ ತುಂಬಿದಾಗ ಬಾಗಿನದ ಮೊರ ಹೊತ್ತು ಕುತ್ತಿಗೆ ಮಟ್ಟದ ನೀರಿಗೆ ಹೋಗಿ ಬಿಟ್ಟು ಬರುವುದೂ ಅವನ ಪಾಲಿಗೆ ಬಂದದ್ದು.

ಇಪ್ಪತ್ತು ವರ್ಷ ಒಣಗಿ ಬಿದ್ದಿದ್ದ ಕೆರೆ ಈಗ ತುಂಬಿದೆ, ಮಳೆಯಿಂದಲ್ಲ. ಪಟ್ಟಣದ ಜನ ತೊಳೆದು ಬಿಟ್ಟದ್ದನ್ನೇ ಅಷ್ಟೋ ಇಷ್ಟೋ ಸೋಸಿ ಪೈಪಿನಲ್ಲಿ ಕಳಿಸುತ್ತಾರೆ. ಗಾಳಿ ಬೀಸಿದರೆ ನೊರೆ ಏರಿಯ ಮೇಲೆ ಹತ್ತುತ್ತದೆ, ವಾಸನೆ ಊರೊಳಗೂ ಬರುತ್ತದೆ. ಈ ನೀರು ಬೋರ್‌ವೆಲ್ಲಿಗೆ ಇಂಗಲಿ ಎಂದು ಬಿಟ್ಟದ್ದು, ಗದ್ದೆಗೆ ಹರಿಸಬಾರದು ಎಂದು ತೂಬಿನ ಸರಳಿಗೆ ಸರಪಳಿ ಸುತ್ತಿ ಬೀಗ ಜಡಿದಿದ್ದಾರೆ. ಆ ನೀರೇ ಕೆರೆಯ ಮೂಲೆಯಲ್ಲಿದ್ದ ಕಾಲೋನಿಯವರ ಸ್ಮಶಾನವನ್ನು ನುಂಗಿತು. ಕದಿರಪ್ಪನ ಅಪ್ಪ, ಅವ್ವ, ಜ್ವರದಲ್ಲಿ ಹೋದ ಹಿರಿಮಗ, ಎಲ್ಲರೂ ಈಗ ಆ ನೊರೆಯ ಕೆಳಗಿದ್ದಾರೆ.

"ಎಲ್ಲಿಡೋದು ನಾಯ್ನಾ ಅವ್ವನ್ನ?" ಮಗಳು ಮುನಿಲಕ್ಷ್ಮಿ ಕೇಳಿದಳು. ಲಕ್ಕೂರಿನ ಹತ್ತಿರ ಕಾರ್ಖಾನೆ ಕೆಲಸಕ್ಕೆ ಹೊರಟವಳು ಯೂನಿಫಾರಂನಲ್ಲೇ ಹೆಣದ ಪಕ್ಕ ಕೂತಿದ್ದಳು. "ಹೋದ ತಿಂಗಳು ಭಾರತಮ್ಮತ್ತೇನ ರೈಲ್ವೆ ಹಳಿ ಪಕ್ಕ ಇಟ್ಟಿದ್ದಕ್ಕೆ ಪೊಲೀಸ್ರು ಬಂದು ತೆಗಿಸಿದ್ರಲ್ಲ. ನಮ್ಮವ್ವನ್ನೂ ಹಂಗೆ ಎಳ್ದಾಡ್ಬೇಕಾ?"

"ದೊಡ್ಡೋರು ಬರ್ತಾರಂತಲ್ಲ. ಕೇಳ್ತೀನಿ ತಡಿ."

ಕೇಳಿದರೆ ಕೊಡುತ್ತಾರೆ ಎಂದು ಕದಿರಪ್ಪ ಇನ್ನೂ ನಂಬಿದ್ದ. ಐವತ್ತೆಂಟು ವರ್ಷ ಬದುಕಿಯೂ ಆ ನಂಬಿಕೆ ಸತ್ತಿರಲಿಲ್ಲವಲ್ಲ, ಅದಕ್ಕೆ ಏನು ಹೇಳೋಣ.

ಏರಿಯ ಉದ್ದಕ್ಕೂ ಫ್ಲೆಕ್ಸು. ಎಲ್ಲದರಲ್ಲೂ ಶಾಸಕ ಮುರಳಿಮೋಹನ್ ಕೈ ಮುಗಿದು ಹಲ್ಲು ಬಿಟ್ಟಿದ್ದ. 'ನನ್ನ ಆದ್ಯತೆ: ನೀರು, ನೆಲ, ಮಾನ' ಎಂದು ಬರೆಸಿದ್ದರು. ಏರಿಯ ಹಿಂದೆ ಬೀಳುಬಿದ್ದ ಗದ್ದೆ ಬಯಲನ್ನು ಮಟ್ಟ ಮಾಡಿ ಶಾಮಿಯಾನ ಹಾಕಿದ್ದರು. ತೂಬಿನಿಂದ ಬರುವ ಹಳೆಯ ನೀರುಗಾಲುವೆಗೂ ಮಣ್ಣು ತುಂಬಿ ಅದರ ಮೇಲೆ ಕೆಂಪು ಕಾರ್ಪೆಟ್ಟು ಹಾಸಿದ್ದರು. ಮೈಕಿನ ಹಾರನ್ನು ಕಾಲೋನಿಯ ಕಂಬದವರೆಗೂ ಕಟ್ಟಿದ್ದರು, ಅಲ್ಲಿಯವರೂ ಸಾಧನೆ ಕೇಳಬೇಕಲ್ಲ.

ಹನ್ನೊಂದಕ್ಕೆ ಎಂದವರು ಬಂದದ್ದು ಹನ್ನೆರಡೂವರೆಗೆ. ಕಾರಿನಿಂದ ಇಳಿದ ಕೂಡಲೇ ಶಾಸಕರು ಮೂಗಿಗೆ ಕರ್ಚೀಫು ಹಿಡಿದರು. "ಏನ್ರೀ ಇದು, ಇಷ್ಟ್ ವಾಸನೆ? ಪೌಡರ್ ಗೀಡರ್ ಹಾಕ್ಸಕ್ಕಾಗ್ಲಿಲ್ವಾ?" ಎಂದು ಪಿಎ ಗಂಗಾಧರನನ್ನು ಗದರಿದರು. ಕ್ಯಾಮೆರಾದವರು ಮುಂದೆ ಬಂದದ್ದೇ ಕರ್ಚೀಫು ಜೇಬಿಗೆ ಹೋಯಿತು, ಫ್ಲೆಕ್ಸಿನ ನಗು ಮುಖಕ್ಕೆ ಬಂತು.

ಬಾಗಿನದ ಮೊರವನ್ನು ಬೆರಳ ತುದಿಯಲ್ಲಿ ಮುಟ್ಟಿ ಕದಿರಪ್ಪನ ತಲೆಯ ಮೇಲೆ ಇಡಿಸಿದರು. ಅದೇ ಗಳಿಗೆ ನೋಡಿ ಕದಿರಪ್ಪ ಹೇಳಿದ. "ಸಾಮಿ, ನನ್ನೆಂಡ್ರು ಬೆಳಿಗ್ಗೆ ತೀರ್ಕೊಂಡ್ಲು. ಇಡೋಕೆ ಜಾಗ ಇಲ್ಲ. ನಮ್ಮ ಮಸಣ ಈ ನೀರಲ್ಲಿ ಮುಳುಗೋಯ್ತು."

ಶಾಸಕರ ನಗು ಒಂದಿಷ್ಟೂ ಕದಲಲಿಲ್ಲ. ಕ್ಯಾಮೆರಾ ಕಡೆಗೇ ನೋಡುತ್ತಾ, "ಆಯ್ತಪ್ಪ, ಒಂದು ಅರ್ಜಿ ಕೊಡು" ಎಂದರು. ಗಂಗಾಧರ ಅವರ ಕೈಗೆ ಸ್ಯಾನಿಟೈಸರ್ ಸುರಿದ. ಚನ್ನರಾಯಪ್ಪ ಹಿಂದಿನಿಂದ ಬಂದು ಕದಿರಪ್ಪನ ಪಕ್ಕೆಗೆ ಮೊಣಕೈ ತಿವಿದು, "ಇಳಿಯೋ ಸೂಳೇಮಗನೆ, ಬಾಯಿ ಬಿಟ್ರೆ ನಿನ್ನನ್ನೂ ಅವಳ ಜೊತೆ ಮಲಗಿಸ್ತೀನಿ" ಎಂದು ಕಿವಿಯಲ್ಲಿ ಹೇಳಿದ.

ಕದಿರಪ್ಪ ಇಳಿದ. ಮೊಣಕಾಲು, ಸೊಂಟ, ಎದೆ. ನೊರೆ ತುಟಿಗೆ ತಾಗಿತು. ಮೊರ ಬಿಟ್ಟರೆ ಗಾಳಿಗೆ ತೇಲಿ ವಾಪಸ್ಸು ದಡಕ್ಕೇ ಬರುತ್ತಿತ್ತು.

"ಇನ್ನೂ ಒಳಕ್ಕೋಗ್ಲಾ, ಆ ನೊರೆ ಫೋಟೋದಲ್ಲಿ ಬೀಳ್ತೈತೆ" ಎಂದು ಏರಿಯ ಮೇಲಿಂದ ಕೂಗಿದರು. ತಳ್ಳಿಕೊಂಡು ತಳ್ಳಿಕೊಂಡು ಅವನು ತೂಬಿನ ಕಲ್ಲುಗಂಬದ ತನಕ ಹೋದ. ತಿರುಗಿ ನೋಡಿದರೆ ಏರಿಯ ಮೇಲೆ ಯಾರೂ ಇಲ್ಲ. ಫೋಟೋ ಆಗಿತ್ತು, ಎಲ್ಲರೂ ಶಾಮಿಯಾನಕ್ಕೆ ಇಳಿದಿದ್ದರು. ನೀರಿನಲ್ಲಿದ್ದವನಿಗೆ ಬಾ ಎಂದು ಹೇಳಲೂ ಯಾರಿಗೂ ನೆನಪಾಗಲಿಲ್ಲ. ಅವನು ಕಲ್ಲುಗಂಬ ಹಿಡಿದು ಸುಧಾರಿಸಿಕೊಂಡ.

ಮೈಕು ಶುರುವಾಯಿತು. ಮೂರು ವರ್ಷದಲ್ಲಿ ಮುನ್ನೂರು ಸಾಧನೆ. ಸದನದಲ್ಲಿ ಕೇಳಿದ ಪ್ರಶ್ನೆಗಳು, ಕೆರೆಗಳ ಬಗ್ಗೆ ನಲವತ್ತು ನಿಮಿಷ ಮಾತಾಡಿದ್ದು. ಬೆಂಚು ಕುಟ್ಟಿದ್ದನ್ನೂ ಬಿಡದೆ ಹೇಳಿದರು.

"ಬಂಧುಗಳೇ, ಸತ್ತ ಮೇಲಾದ್ರೂ ಮನುಷ್ಯನಿಗೆ ಮಾನ ಬೇಡ್ವಾ? ಪ್ರತಿ ದಲಿತ ಕಾಲೋನಿಗೂ ಸ್ಮಶಾನ ಕೊಡ್ಬೇಕು ಅಂತ ಸದನದಲ್ಲಿ ಗುಡುಗಿ, ಗುಡುಗಿ, ಕಾಯ್ದೆಗೆ ತಿದ್ದುಪಡಿ ತರ್ಸಿದೋನು ನಿಮ್ಮ ಈ ಮುರಳಿಮೋಹನ್. ಆ ಕಾಯ್ದೆ ಕೆಳಗೆ ಮೊದಲು ಜಾಗ ಸಿಕ್ಕಿದ್ದು ಯಾವ ಊರಿಗೆ? ಇದೇ ಊರಿಗೆ. ಪುಸ್ತಕದ ಹನ್ನೆರಡನೇ ಪುಟ ನೋಡಿ. ಸರ್ವೆ ನಂಬರ್ ನಲವತ್ತೇಳು, ಎರಡು ಎಕರೆ. ಅಳತೆ ಆಗಿದೆ, ಹಸ್ತಾಂತರ ಆಗಿದೆ."

ಚಪ್ಪಾಳೆ ಬಿತ್ತು. ಕದಿರಪ್ಪ ಬಾಯಿಗೆ ಬಂದ ನೊರೆಯನ್ನು ಉಗಿದ. ನಲವತ್ತೇಳು ಅವನಿಗೆ ಗೊತ್ತಿಲ್ಲದ ನಂಬರಲ್ಲ. ಕೆರೆಯ ಪಡುವಣ ದಿಣ್ಣೆ, ಮೊದಲು ದನ ಮೇಯುತ್ತಿದ್ದ ಗೋಮಾಳ. ಈಗ ಚನ್ನರಾಯಪ್ಪ ಸುತ್ತ ತಂತಿ ಎಳೆದು ಮಾವಿನ ಸಸಿ ಹಾಕಿಕೊಂಡಿದ್ದಾನೆ. ಆ ಚನ್ನರಾಯಪ್ಪ ವೇದಿಕೆಯ ಮೇಲೆ ಶಾಸಕರ ಪಕ್ಕದಲ್ಲೇ ಕೂತಿರುತ್ತಾನೆ, ಬಹುಶಃ ಅವನೂ ಚಪ್ಪಾಳೆ ತಟ್ಟಿರಬೇಕು. ಕೊಟ್ಟಾಯಿತಂತೆ. ಅರ್ಜಿ ಕೊಡು ಎಂದು ಹೇಳಿ ಅರ್ಧ ಗಂಟೆ ಆಗಿರಲಿಲ್ಲ.

ಕದಿರಪ್ಪನಿಗೆ ಹೇಸಿಗೆಯಾಯಿತು. ಅವರ ಮೇಲಿನದಕ್ಕಿಂತ ತನ್ನ ಮೇಲೆಯೇ ಹೆಚ್ಚು. ಹೆಂಡತಿಯ ಹೆಣ ಬಿಟ್ಟು ಬಂದು ಇವರ ಮೊರ ತಳ್ಳಿಕೊಂಡು ನಿಂತಿದ್ದೇನಲ್ಲ, ಥೂ, ಎನ್ನಿಸಿತು.

ಉಸಿರು ತುಂಬಿಕೊಂಡು ಮುಳುಗಿದ.

ಬೀಗ ಹಾಕಿದವರಿಗೆ ಕಂಡದ್ದು ಮೇಲಿನ ಸರಳು ಮಾತ್ರ. ಕೆಳಗೆ ಸರಳು ತೂಬಿನ ಕಂಡಿ ಮುಚ್ಚಿದ ಗೂಟಕ್ಕೆ ಸೇರುವಲ್ಲಿ ಒಂದು ಬೆಣೆಯಿದೆ, ಅದನ್ನು ಕಿತ್ತರೆ ಗೂಟ ಸರಳಿನ ಹಂಗಿಲ್ಲದೆ ಬರುತ್ತದೆ ಎಂಬುದು ನೀರಗಂಟಿಗೆ ಮಾತ್ರ ಗೊತ್ತು. ಕಣ್ಣು ಬಿಡುವ ಹಾಗಿರಲಿಲ್ಲ, ಬಿಟ್ಟರೂ ಕಾಣುವ ನೀರಲ್ಲ ಅದು. ಕೈಯಲ್ಲೇ ತಡವಿ ಬೆಣೆ ಕಿತ್ತ. ಮೇಲೆ ಬಂದು ಉಸಿರೆಳೆದು ಮತ್ತೆ ಮುಳುಗಿದ. ಕಲ್ಲಿಗೆ ಕಾಲು ಕೊಟ್ಟು ಗೂಟವನ್ನು ಅತ್ತ ಇತ್ತ ಅಲ್ಲಾಡಿಸಿದ. ಮೂರನೇ ಸಲಕ್ಕೆ ಗೂಟ ಕಿತ್ತು ಬಂತು. ನೀರಿನ ಸೆಳೆತಕ್ಕೆ ಕಾಲು ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಕಂಬ ತಬ್ಬಿಕೊಂಡು ಹೇಗೋ ಮೇಲೆ ಹತ್ತಿ ಕಲ್ಲಿನ ಮೇಲೆ ಕೂತು ಕೆಮ್ಮಿದ.

ಏರಿಯ ಆ ಕಡೆ ಮೈಕು ಒಮ್ಮೆ ಕಿರ್ರೆಂದು ನಿಂತಿತು. ಆಮೇಲೆ ಕುರ್ಚಿಗಳು ಬೀಳುವ ಸದ್ದು, ಹೆಂಗಸರ ಕೂಗು, ಕಾರುಗಳ ಹಾರನ್ನು. ಜನ ಏರಿ ಹತ್ತಿ ಬಂದರು. ಶಾಮಿಯಾನಕ್ಕೆ ನುಗ್ಗಿದ ತೂಬಿನ ನೀರಿಗೆ ಶಾಸಕರ ಬಿಳಿ ಪಂಚೆ ಮೊಣಕಾಲಿನವರೆಗೂ ಕಪ್ಪಾಗಿತ್ತು, ಅವರು ಎರಡು ಕೈಯಲ್ಲೂ ಅದನ್ನು ಮೈಯಿಂದ ದೂರ ಹಿಡಿದುಕೊಂಡು ಓಕರಿಸುತ್ತಿದ್ದರು.

"ಮುಚ್ಚೋ, ನಿಮ್ಮಮ್ಮನ್. ಮುಚ್ಚೋ ತೂಬು" ಎಂದು ಚನ್ನರಾಯಪ್ಪ ಅರಚಿದ.

"ಮುಚ್ತೀನಿ. ನನ್ನೆಂಡ್ರು ಮಣ್ಣಿಗೆ ಹೋಗ್ಲಿ, ಮುಚ್ತೀನಿ."

"ಇಳೀರೋ ಯಾರಾದ್ರೂ, ಎಳ್ಕೊಂಬನ್ನಿ ಅವನನ್ನ."

ಯಾರೂ ಇಳಿಯಲಿಲ್ಲ. ಪೊಲೀಸಿನವನೊಬ್ಬ ಬೂಟು ಬಿಚ್ಚಿ ಒಂದು ಹೆಜ್ಜೆ ಇಟ್ಟು, ಕಾಲು ಎತ್ತಿಕೊಂಡು ನೋಡಿ, ಹಿಂದಕ್ಕೆ ಬಂದ. ಇಳಿದರೂ ಗೂಟ ಎಲ್ಲಿದೆ, ಹೇಗೆ ಕೂರಿಸಬೇಕು ಎಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಏನಪ್ಪಾ, ಏನ್ ಬೇಕು ನಿಂಗೆ? ಮಾತಾಡೋಣ ಬಾ" ಎಂದು ಶಾಸಕರು ಇದ್ದಬದ್ದ ನಗು ತಂದುಕೊಂಡು ಕರೆದರು.

ಕದಿರಪ್ಪ ಪಡುವಣ ದಿಣ್ಣೆಯ ಕಡೆ ನೋಡುತ್ತಿದ್ದ. ಮೈಕಿನಲ್ಲಿ ಬಂದ ಮಾತನ್ನು ಕಾಲೋನಿಯೂ ಕೇಳಿಸಿಕೊಂಡಿತ್ತು. ನಲವತ್ತೇಳರ ತಂತಿ ಒಂದು ಕಡೆ ನೆಲಕ್ಕೆ ಬಿದ್ದಿತ್ತು. ಮಾವಿನ ಸಸಿಗಳ ನಡುವೆ ಚಾಪೆ ಸುತ್ತಿದ ಮುನಿಶಾಮಮ್ಮನನ್ನು ಇಳಿಸಿದ್ದರು. ನಾಲ್ಕು ಗಂಡಸರು ಗುಂಡಿ ತೋಡುತ್ತಿದ್ದರು, ನೀಲಿ ಯೂನಿಫಾರಂನ ಮುನಿಲಕ್ಷ್ಮಿ ಬಗ್ಗಿ ಬುಟ್ಟಿಗೆ ಮಣ್ಣು ತುಂಬುತ್ತಿದ್ದಳು.

ಚನ್ನರಾಯಪ್ಪನೂ ಈಗ ಅದನ್ನು ನೋಡಿದ. "ನನ್ ತೋಟ, ನನ್ ತೋಟ" ಎಂದು ಬಡಬಡಿಸುತ್ತಾ ಪೊಲೀಸಿನವರ ಜೀಪಿಗೆ ಹತ್ತಿಕೊಂಡ. ಜೀಪು ಏರಿಯ ಮೇಲೆ ಧೂಳೆಬ್ಬಿಸಿಕೊಂಡು ದಿಣ್ಣೆಯ ದಾರಿ ಹಿಡಿಯಿತು. ಗುಂಡಿ ಇನ್ನೂ ಮೊಣಕಾಲಿನ ಮಟ್ಟಕ್ಕೆ ಬಂದಿತ್ತು ಅಷ್ಟೆ.

"ಆಳ ತೋಡ್ರೋ" ಎಂದು ಕದಿರಪ್ಪ ಕಲ್ಲಿನ ಮೇಲೆ ಎದ್ದು ನಿಂತು ಕೂಗಿದ. "ಅವರು ಕಿತ್ರೂ ಸಿಗ್ಬಾರ್ದು, ಆಳ ತೋಡ್ರೋ."