ಕಾನ್‌ಸ್ಟಾಂಟಿನೋಪಲ್ ಬೀಳುವ ಮುಂಚೆ

ಸದಾನಂದ ಅಂಕಲ್ ಲಾಸ್ ಏಂಜಲೀಸ್‌ನ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ರೋಮನ್ನರ ಇತಿಹಾಸ ಪಾಠ ಮಾಡಿದವರು. ಮದುವೆಯಾಗಿ ಬಂದ ಹೊಸತರಲ್ಲಿ ಮನೆಯಲ್ಲಿ ಕೂತು ಬೇಸರವಾಗಿ ನಾನು ಅವರ ಸಂಜೆಯ ಕ್ಲಾಸಿಗೆ ಸೇರಿದ್ದೆ. ಹಾಜರಿ ಕರೆಯುವಾಗ ಕುಮುದಾ ಎಂಬ ನನ್ನ ಹೆಸರನ್ನು ಸರಿಯಾಗಿ ಹೇಳಿದವರು ಅಲ್ಲಿ ಅವರೊಬ್ಬರೇ. ಆಮೇಲೆ ನನ್ನ ಗಂಡ ಉದಯಶಂಕರನ ಕೆಲಸಕ್ಕಾಗಿ ನಾವು ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ರ್ಯಾಂಚ್‌ಗೆ ಬಂದೆವು. ಆದರೂ ತಿಂಗಳಿಗೊಮ್ಮೆ ಲಾಸ್ ಏಂಜಲೀಸ್ ಕಡೆಯ ಪೋರ್ಟರ್ ರ್ಯಾಂಚ್‌ನ ಅವರ ಮನೆಗೆ ಹೋಗುವುದು ತಪ್ಪುತ್ತಿರಲಿಲ್ಲ.

ರಿಟೈರ್ ಆದ ಮೇಲೆ ಅಂಕಲ್ ಕನ್ನಡದಲ್ಲಿ ಪುಸ್ತಕ ಬರೆಯತೊಡಗಿದ್ದರು. ರೋಮ್ ಬಿದ್ದ ಮೇಲೂ ಪೂರ್ವದಲ್ಲಿ ಸಾವಿರ ವರ್ಷ ಬಾಳಿದ ಬೈಜಾಂಟೈನ್ ಸಾಮ್ರಾಜ್ಯದ ಕಥೆ ಅದು. ನಾವು ಹೋದಾಗಲೆಲ್ಲ ಒಂದಷ್ಟು ಪುಟ ಓದಿ ಹೇಳುವರು.

"ಬೈಜಾಂಟೈನ್ ಅಂತ ನಾವು ಹೇಳುದು. ಅವರು ಕೊನೆ ದಿನದವರೆಗೂ ನಾವು ರೋಮನ್ನರು ಅಂತಲೇ ತಿಳ್ಕೊಂಡಿದ್ದರು," ಎನ್ನುವರು. ಒಮ್ಮೆ, ಬೊಕ್ಕಸ ಬರಿದಾದ ಕಾಲದಲ್ಲಿ ಒಬ್ಬ ಚಕ್ರವರ್ತಿಯ ಪಟ್ಟಾಭಿಷೇಕಕ್ಕೆ ಗಾಜಿನ ಹರಳುಗಳನ್ನು ಧರಿಸಿದ್ದರಂತೆ ಎಂದು ಓದಿದರು.

"ನೋಡಿದವರು ಎಂತ ಹೇಳಿದ್ರಂತೆ?" ಎಂದು ಅವರ ಹೆಂಡತಿ ರತ್ನಾವತಿ ಆಂಟಿ ಕೇಳಿದರು.

"ಎಂತ ಹೇಳುದು? ಜೈ ಅಂದಿರ್ತಾರೆ."

ಆಂಟಿ ನಕ್ಕದ್ದು ನನಗೆ ನೆನಪಿದೆ. ಅವರು ನಗುವುದು ಕಡಿಮೆ. ಒಬ್ಬಳೇ ಮಗಳು ಚಿತ್ರಾ ಒಂಬತ್ತನೇ ವಯಸ್ಸಿಗೆ ರಕ್ತದ ಕ್ಯಾನ್ಸರ್‌ನಿಂದ ತೀರಿಹೋಗಿದ್ದಳು. ಅವಳ ದನಿ ಉಳಿದಿದ್ದದ್ದು ಒಂದೇ ಕ್ಯಾಸೆಟ್‌ನಲ್ಲಿ. ಮಗ್ಗಿ ಹೇಳುತ್ತ ಹೇಳುತ್ತ ಅಮ್ಮನ ಜೊತೆ ಜಗಳಕ್ಕಿಳಿದದ್ದು ಅದರಲ್ಲಿತ್ತು. ಅವಳ ಪ್ರತಿ ಹುಟ್ಟುಹಬ್ಬಕ್ಕೆ ಆಂಟಿ ಬಾಗಿಲು ಹಾಕಿಕೊಂಡು ಅದನ್ನು ಕೇಳಿ, ಮತ್ತೆ ಬಿಸ್ಕತ್ ಡಬ್ಬಿಯಲ್ಲಿ ಎತ್ತಿಡುತ್ತಿದ್ದರು. ಕಾಪಿ ಮಾಡಿಸಿಡಿ ಎಂದು ನಾನು ಹೇಳಿದ್ದುಂಟು. ಇನ್ನೊಬ್ಬರ ಕೈಗೆ ಅದನ್ನು ಕೊಡಲು ಅವರಿಗೆ ಮನಸ್ಸು ಬರಲಿಲ್ಲ.

ತೊಂಬತ್ತನಾಲ್ಕರ ಜನವರಿಯ ಭೂಕಂಪದಲ್ಲಿ ಗುಡ್ಡದ ಅಂಚಿನಲ್ಲಿದ್ದ ಅವರ ಮನೆಯ ಬುನಾದಿಯೇ ಸೀಳಿತು. ಇಬ್ಬರೂ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದು ಉಳಿದರು. ಒಳಗೆ ಹೋಗಬಾರದು ಎಂದು ನಗರದ ಅಧಿಕಾರಿಗಳು ಬಾಗಿಲಿಗೆ ಕೆಂಪು ಕಾಗದ ಅಂಟಿಸಿದರು. ಮೂರನೆಯ ದಿನ ಮಧ್ಯಾಹ್ನ, ಬೇಕಾದ್ದನ್ನು ತರಲು ಮನೆಯವರಲ್ಲಿ ಒಬ್ಬರಿಗೆ ಹದಿನೈದು ನಿಮಿಷ ಅವಕಾಶ ಸಿಕ್ಕಿತು. ಅವರನ್ನು ಕರೆದುಕೊಂಡು ಬರಲು ನಾನೂ ಉದಯನೂ ಹೋಗಿದ್ದೆವು. ಆಂಟಿಗೆ ಮಂಡಿನೋವು. ಅಂಕಲ್ ಹೆಲ್ಮೆಟ್ ಹಾಕಿಕೊಂಡರು.

"ಬೀರುವಿನ ಮೇಲಿನ ಅರೆ, ಬಿಸ್ಕತ್ ಡಬ್ಬಿ. ಬೇರೆ ಎಂತ ಬೇಡ," ಎಂದರು ಆಂಟಿ.

"ಗೊತ್ತುಂಟು."

ಸಮಯ ಮುಗಿಯಿತೆಂದು ವಿಸಿಲ್ ಆದ ಮೇಲೆ ಅಂಕಲ್ ಸೋಫಾದ ಹೊದಿಕೆಯಲ್ಲಿ ದೊಡ್ಡ ಗಂಟು ಕಟ್ಟಿಕೊಂಡು ಹೊರಬಂದರು. ಪುಸ್ತಕ ಬರೆದಿಟ್ಟ ಹತ್ತೊಂಬತ್ತು ನೋಟ್‌ಬುಕ್.

"ಡಬ್ಬಿ?"

ಅಂಕಲ್ ಗಂಟನ್ನೇ ನೋಡಿದರು. "ಶೆಲ್ಫ್ ಅಡಿಮೇಲಾಗಿತ್ತು. ಇದನ್ನು ಹೆಕ್ಕುವಷ್ಟರಲ್ಲಿ..."

"ರೂಮಿಗೆ ಹೋದ್ರಾ?"

"ಇಲ್ಲ."

ಗಂಟನ್ನು ನೆಲಕ್ಕಿಟ್ಟು ಅವರು ಅಧಿಕಾರಿಯ ಹತ್ತಿರ ಓಡಿದರು. ಎರಡೇ ನಿಮಿಷ ಎಂದು ಕೈಮುಗಿದರು. ಅಷ್ಟರಲ್ಲಿ ನೆಲ ಮತ್ತೊಮ್ಮೆ ಅದುರಿ ಚಿಮಣಿಯ ಇಟ್ಟಿಗೆಗಳು ಉದುರಿದವು. ಆಮೇಲೆ ಯಾರನ್ನೂ ಬಿಡಲಿಲ್ಲ. ಫೆಬ್ರವರಿಯಲ್ಲಿ ಬುಲ್ಡೋಜರ್ ಬಂದು ಮನೆಯನ್ನು ನೆಲಸಮ ಮಾಡಿತು.

ಗಂಟು ತಂದ ದಿನವೇ ಇಬ್ಬರನ್ನೂ ಕರೆದುಕೊಂಡು ನಾವು ಸ್ಯಾನ್ ಡಿಯೇಗೋಗೆ ಹೊರಟಿದ್ದೆವು. ಸಮುದ್ರ ಕಾಣಿಸತೊಡಗಿದಾಗ ಆಂಟಿ, ಯಾರಿಗೂ ಅಲ್ಲವೆಂಬಂತೆ, "ಜೇಬಿನಲ್ಲಿ ಹಿಡೀತಿತ್ತು," ಎಂದರು.

ಆರು ತಿಂಗಳು ನಮ್ಮ ಮನೆಯಲ್ಲಿದ್ದು ಬಳಿಕ ಅವರು ಅದೇ ಊರಿನ ಕರ್ನಿ ಮೆಸಾದ ಹತ್ತಿರ ಅಪಾರ್ಟ್‌ಮೆಂಟ್ ಹಿಡಿದರು. ಆಂಟಿ ಒಂದು ದಿನವೂ ಬೈಯಲಿಲ್ಲ. ಹೊತ್ತುಹೊತ್ತಿಗೆ ಬಡಿಸಿದರು, ಮಾತ್ರೆ ಕೊಟ್ಟರು. ಅಂಕಲ್ ನೋಟ್‌ಬುಕ್ ತೆರೆದರೆ ಎದ್ದು ಅಡುಗೆಮನೆಗೆ ಹೋಗುವರು.

ಬರೆಯಲು ಉಳಿದಿದ್ದದ್ದು ಕೊನೆಯ ಅಧ್ಯಾಯ ಒಂದೇ. ೧೪೫೩ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದದ್ದು. ಯಾಕೆ ನಿಂತಿತು ಎಂದು ನಾನೊಮ್ಮೆ ಕೇಳಿದೆ.

"ಹಗಲು ಫಿರಂಗಿ ಒಡೆದ ಗೋಡೆಗೆ ಹೆಂಗಸರು, ಮಕ್ಕಳು ರಾತ್ರಿ ಕಲ್ಲುಮಣ್ಣು ಹೊತ್ತು ತುಂಬಿಸ್ತಿದ್ರು, ಕುಮುದಾ. ಅಲ್ಲಿಗೆ ಬಂದು ಪೆನ್ನು ನಿಲ್ತದೆ. ಒಳಗೆ ರತ್ನ ಪಾತ್ರೆ ತೊಳೀತಿರ್ತಾಳೆ. ಅದನ್ನು ಕೇಳ್ತಾ ಎಂತ ಬರೆಯುದು?"

ಇದ್ದಷ್ಟನ್ನೇ ಝೆರಾಕ್ಸ್ ಮಾಡಿಸಿ ನಾನು ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಎಂಟು ತಿಂಗಳ ಮೇಲೆ ಉತ್ತರ ಬಂತು. ಕೊನೆಯಿಲ್ಲದ ಪುಸ್ತಕ, ಅದೂ ಇಷ್ಟು ದೂರದ ವಿಷಯ, ಓದುವವರು ಯಾರು ಎಂದು ಕೇಳಿದ್ದರು. ಕಾಗದವನ್ನು ಅಂಕಲ್‌ಗೆ ತೋರಿಸಿದೆ. ಓದಿ, ಮಡಚಿ, ನನಗೇ ಕೊಟ್ಟರು.

ತೊಂಬತ್ತಾರರಲ್ಲಿ ಆಂಟಿ ಮಂಗಳೂರಿನ ತಂಗಿಯ ಮನೆಗೆ ಹೊರಟರು. ಮರಳುವ ಟಿಕೆಟ್ ಇರಲಿಲ್ಲ. ಏರ್‌ಪೋರ್ಟ್‌ನಲ್ಲಿ ನನ್ನ ಕೈ ಹಿಡಿದುಕೊಂಡರು.

"ಸಿಟ್ಟಲ್ಲ ಕುಮುದಾ. ಅವಳ ದನಿ ಹೇಗಿತ್ತು ಅಂತ ನನಗೀಗ ನೆನಪಾಗುದಿಲ್ಲ. ಇವರ ಮುಖ ನೋಡಿದಾಗೆಲ್ಲ ಅದನ್ನೇ ಕೇಳುವ ಅನ್ನಿಸ್ತದೆ. ಇವರಾದರೂ ಎಲ್ಲಿಂದ ತಂದುಕೊಡ್ತಾರೆ?"

ಅಂಕಲ್ ಎರಡು ವರ್ಷ ಒಬ್ಬರೇ ಇದ್ದರು. ನಾನು ಸಾರು, ಪಲ್ಯ ಮಾಡಿ ಕೊಟ್ಟು ಬರುತ್ತಿದ್ದೆ. ಟಿವಿ ಹಚ್ಚಿರುತ್ತಿತ್ತು, ಅವರು ನೋಡುತ್ತಿರಲಿಲ್ಲ. ರೋಮನ್ನರ ಮಾತು ತೆಗೆದರೆ "ಹೌದು, ಹೌದು" ಎಂದಷ್ಟೇ ಹೇಳುವರು. ತೊಂಬತ್ತೆಂಟರ ನವೆಂಬರಿನಲ್ಲಿ ಹೃದಯಾಘಾತವಾಗಿ ಹೋದರು.

ನಾನೇ ಮಂಗಳೂರಿಗೆ ಫೋನ್ ಮಾಡಿದೆ. ಸುದ್ದಿ ಹೇಳಿದೆ.

"ಬರೆದು ಮುಗಿಸಿದ್ರಾ?" ಎಂದು ಆಂಟಿ ಕೇಳಿದರು.

"ಇಲ್ಲ ಆಂಟಿ."

"ಅದಾದ್ರೂ ಮುಗೀಬೇಕಿತ್ತು," ಎಂದು ಅವರು ಫೋನ್ ಇಟ್ಟರು.