ಷಡ್ಡಕನ ಹಲ್ಲು

ಬಾಯಿ ತೆರೆದು ಮಲಗಿದಾಗಲೂ ಚೆಂದವೇ, ಹೀಗೂ ಇರುತ್ತಾರಾ ಜನ, ಬೇರೆಯವರು ಈ ಕುರ್ಚಿಯಲ್ಲಿ ಬಾಯಿ ತೆರೆದರೆ ದಡಕ್ಕೆ ಬಿದ್ದ ಮೀನಿನ ಹಾಗೆ ಕಾಣುತ್ತಾರೆ, ಇವನು ಮಾತ್ರ ಜಾಹೀರಾತಿಗೆ ಕೂತವನ ಹಾಗೆ, ಎಂದುಕೊಳ್ಳುತ್ತ ಹಲ್ಲಿನ ಡಾಕ್ಟರ್ ದೀಪವನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡ, ಬೆಳಕು ಷಡ್ಡಕನ ದವಡೆಯ ಮೇಲೆ ಬಿತ್ತು, ದವಡೆ ಅಂದರೆ ಅದು, ಅಗಲವಾಗಿ, ಚೌಕವಾಗಿ, ತನ್ನದೋ ಕುತ್ತಿಗೆಯೊಳಗೆ ಕರಗಿಹೋಗಿ ಎಷ್ಟೋ ಕಾಲವಾಯಿತು — ಹೆಂಡತಿಯ ತಂಗಿಯ ಗಂಡ, ಬಟ್ಟೆ ಅಂಗಡಿಯ ಮ್ಯಾನೇಜರ್, ಇವನೂ ನಲವತ್ತು ದಾಟಿದವನೇ, ಆದರೆ ಸೊಂಟ ನೋಡು, ಕಾಲೇಜು ಹುಡುಗನದು, ಮಲಗಿದರೆ ಅಂಗಿ ಹೊಟ್ಟೆಯ ಮೇಲೆ ನಿಲ್ಲದೆ ಒಳಕ್ಕೆ ಇಳಿಯುತ್ತದೆ, ತನ್ನ ಅಂಗಿಯ ಗುಂಡಿಗಳಿಗೆ ಆ ಭಾಗ್ಯವಿಲ್ಲ, ಪಾಪ, ಬೆಳಗಿನಿಂದ ಸಂಜೆವರೆಗೆ ಒಂದನ್ನೊಂದು ಕೈಹಿಡಿದು ಎಳೆಯುತ್ತಿರುತ್ತವೆ. ಇವತ್ತು ಅವರು ಬರ್ತಾರೆ, ತಣ್ಣೀರು ತಾಗಿದರೆ ಹಲ್ಲು ಜುಮ್ ಅನ್ನುತ್ತಂತೆ, ಸರಿಯಾಗಿ ನೋಡಿ ಅಂದಿದ್ದಳು ಹೆಂಡತಿ, ಬೆಳಿಗ್ಗೆ, ಮಿಕ್ಕವರನ್ನೆಲ್ಲ ತಾನು ತಪ್ಪಾಗಿ ನೋಡಿ ಕಳಿಸುತ್ತೇನೋ ಎಂಬಂತೆ, ಅವರು ಎಂಬ ಆ ಮಾತಿನಲ್ಲೇ ಒಂದು ಮೃದುತನ, ಆ ಮೃದುತನ ತನ್ನ ಪಾಲಿಗೆ ಕೊನೆಯ ಸಲ ಬಂದದ್ದು ಯಾವಾಗ, ಒಂದು ಕಾಲದಲ್ಲಿ ತಾನಿದ್ದೆ ಅಲ್ಲಿ, ಅತ್ತೆಮನೆಯ ಫೋಟೋಗಳಲ್ಲೆಲ್ಲ ನಡುವೆ ನಿಂತವನು, ತೆಳ್ಳಗೆ, ಕಪ್ಪು ಕೂದಲು, ಪಕ್ಕದಲ್ಲಿ ಆಗಷ್ಟೇ ಮದುವೆಯಾಗಿ ಬಂದ ಈ ಷಡ್ಡಕ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ, ಆಗ ಇವನೇ ದಪ್ಪ, ಮನೆಮಂದಿಯೆಲ್ಲ ಗುಂಡಣ್ಣ ಎಂದು ಕರೆಯುತ್ತಿದ್ದರು, ಅವನೂ ಹೌದು ಹೌದು ಎಂದು ನಗುತ್ತಿದ್ದ, ಮುಂದಿನ ವರ್ಷ ನೋಡಿದರೆ ಗುಂಡಣ್ಣ ಅರ್ಧವಾಗಿದ್ದ, ಅದರ ಮುಂದಿನ ವರ್ಷ ಇನ್ನೂ ಅರ್ಧ, ಅತ್ತೆ ದೃಷ್ಟಿ ತಾಗೀತು ಎಂದರು, ಮಾವ ಬೆನ್ನು ತಟ್ಟಿದರು, ಗಂಡಸಿಗೆ ಮನಸ್ಸು ಗಟ್ಟಿ ಇರಬೇಕು ಕಣಯ್ಯ ಅಂದರು, ಅನ್ನುವಾಗ ನೋಡಿದ್ದು ತನ್ನನ್ನು, ತನ್ನ ತಟ್ಟೆಯನ್ನು. ತಾನು ಈಗ ಬರೀ ದೊಡ್ಡಳಿಯ, ಎರಡೂ ಅರ್ಥದಲ್ಲಿ, ಆ ತಮಾಷೆಯನ್ನು ಮೊದಲು ಮಾಡಿದ್ದು ಹೆಂಡತಿಯೇ.

ಪುಟ್ಟ ಕನ್ನಡಿ ಒಳಗೆ ಹೋಯಿತು, ಹಲ್ಲಿನ ಮುಂಭಾಗ ಸರಿ, ಕೆಳಸಾಲು ಸರಿ, ಕನ್ನಡಿ ತಿರುಗಿಸಿ ಮೇಲಿನ ಸಾಲಿನ ಒಳಮೈ ನೋಡಿದ, ಮತ್ತೆ ನೋಡಿದ, ಏನಿದು, ನುಣ್ಣಗೆ ಸವೆದಿದೆ, ಯಾರೋ ಕೂತು ಉಜ್ಜಿ ಉಜ್ಜಿ ತೆಗೆದ ಹಾಗೆ, ಅಂಚು ಎಷ್ಟು ತೆಳುವೆಂದರೆ ಆಚೆ ಬದಿಯಿಂದ ದೀಪದ ಬೆಳಕು ತೂರಿ ಬರುತ್ತಿದೆ, ತಂಪು ಪಾನೀಯ ಕುಡಿಯುವವನೋ ಎಂದರೆ ಸಕ್ಕರೆ ಮುಟ್ಟದ ಸನ್ಯಾಸಿ ಇವನು, ನಿಂಬೆಹಣ್ಣೋ, ಅಲ್ಲ, ಅದಾದರೆ ಮುಂಭಾಗ ಮೊದಲು ಹೋಗುತ್ತಿತ್ತು, ಇದು ಒಳಗಿನಿಂದ ಬಂದದ್ದು, ಹೊಟ್ಟೆಯಿಂದ ಮೇಲಕ್ಕೆ ಬಂದ ಹುಳಿ, ಇದನ್ನು ಎಲ್ಲೋ ನೋಡಿದ್ದೆ, ಹೌದು, ಹೋದ ವರ್ಷ ಬಂದಿದ್ದಳಲ್ಲ ಆ ಕಾಲೇಜು ಹುಡುಗಿ, ಇದೇ ಒಳಮೈ, ಇದೇ ತೆಳು ಅಂಚು, ಅವತ್ತು ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೊಳೆದಿತ್ತು, ತಿಂದು ಕಕ್ಕಿಕೊಳ್ಳುವ ಕಾಯಿಲೆ, ಮೆಲ್ಲಗೆ ಕೇಳಿದ್ದ, ಹುಡುಗಿ ಅತ್ತಿದ್ದಳು, ತಾಯಿಯನ್ನು ಒಳಗೆ ಕರೆದಿದ್ದ, ಅವತ್ತು ಅದು ಎಷ್ಟು ಸುಲಭ, ಓದುವ ಪುಸ್ತಕದಲ್ಲಿದ್ದ ಚಿತ್ರವೂ ಹುಡುಗಿಯದೇ, ಪಾಠ ಹೇಳಿದ ಮೇಷ್ಟ್ರೂ ಹರೆಯದ ಹೆಣ್ಣುಮಕ್ಕಳಲ್ಲಿ ಎಂದೇ ಶುರುಮಾಡಿದ್ದರು, ಮೀಸೆ ಹೊತ್ತ ಗಂಡಸಿನ ಬಾಯಲ್ಲಿ ಅದನ್ನು ಹುಡುಕು ಎಂದು ಯಾರೂ ಹೇಳಲಿಲ್ಲ — ಅಂದರೆ, ಅಂದರೆ ಇದಾ ಗುಟ್ಟು, ಈ ಸೊಂಟ, ಈ ಮನಸ್ಸಿನ ಗಟ್ಟಿತನ, ಸಿಕ್ಕಿಬಿದ್ದ ಕಳ್ಳ, ಎದೆಯೊಳಗೆ ಬೆಚ್ಚಗೆ ಏನೋ ಏರಿತು, ಸಂತೋಷವೇ ಅದು, ಬೇರೆ ಹೆಸರಿಲ್ಲ, ಇವತ್ತೇ ಹೇಳುತ್ತೇನೆ ಇವಳಿಗೆ, ನಿನ್ನ ತಂಗಿಯ ಗಂಡನ ಸಾಧನೆ ಏನು ಗೊತ್ತಾ ಎಂದು ಶುರುಮಾಡಿ, ತುಸು ತಡೆದು, ಅವಳು ಏನು ಏನು ಎಂದು ಕೇಳುವ ತನಕ ಕಾಯಿಸಿ, ಆ ಮುಖ ನೋಡಬೇಕು, ಆಮೇಲೆ ಅತ್ತೆಗೆ ತಾನಾಗಿಯೇ ತಲುಪುತ್ತದೆ, ಮಾವನಿಗೂ, ಆಮೇಲೆ ಇನ್ನೊಂದು ತುತ್ತು ಬಡಿಸಿಕೊಂಡು ನೆಮ್ಮದಿಯಾಗಿ ಉಣ್ಣಬಹುದು, ಯಾರ ಕಣ್ಣೂ ತಟ್ಟೆಯ ಮೇಲೆ ಬೀಳದೆ. ನೋವಾಯ್ತಾ, ಎಂದ, ಕನ್ನಡಿ ತುಟಿಗೆ ತಗುಲಿತ್ತು, ಷಡ್ಡಕ ಇಲ್ಲ ಎಂದು ಕೈ ಎತ್ತಿದ, ಎತ್ತಿದ ಬಲಗೈ ದೀಪದ ಕೆಳಗೆ ಬಂತು, ತೋರುಬೆರಳಿನ ಗೆಣ್ಣಿನ ಮೇಲೆ ಚರ್ಮ ದಡ್ಡುಗಟ್ಟಿದೆ, ಹಲ್ಲು ತಾಗಿ ತಾಗಿ ಆದ ಗಾಯ, ಒಣಗಿ, ಮತ್ತೆ ಆಗಿ, ಮತ್ತೆ ಒಣಗಿ, ಕೈಗವಸಿನ ಬೆರಳಿಂದ ಕಿವಿಯ ಕೆಳಗೆ ಒತ್ತಿ ನೋಡಿದ, ಎರಡೂ ಕಡೆ ಗಂಟು ಊದಿಕೊಂಡಿದೆ, ಜೊಲ್ಲಿನ ಗ್ರಂಥಿ, ಇದು ದವಡೆಯಲ್ಲ, ಇಷ್ಟು ವರ್ಷ ತಾನು ಕನ್ನಡಿಯ ಮುಂದೆ ಗಲ್ಲ ಎತ್ತಿ ಎತ್ತಿ ಹೋಲಿಸಿಕೊಂಡದ್ದು, ಅತ್ತೆ ಗಂಡುಮುಖ ಎಂದು ಹೊಗಳಿದ್ದು, ಈ ಬಾವನ್ನು, ಒಂದು ಬಾವಿನ ಮೇಲೆ ಹೊಟ್ಟೆಕಿಚ್ಚು ಪಟ್ಟೆನಾ ನಾನು — ಮತ್ತೆ ಆ ನಲ್ಲಿ, ಎಲ್ಲಿಂದಲೋ ಆ ನಲ್ಲಿಯ ಸದ್ದು, ಅತ್ತೆಮನೆಯ ಊಟದ ಕೋಣೆ, ಎಲ್ಲರೂ ಇನ್ನೂ ಮೇಜಿನ ಸುತ್ತ, ಇವನೊಬ್ಬ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಿಗೆ ಹೋಗುತ್ತಾನೆ, ಬಾಗಿಲು ಮುಚ್ಚುತ್ತದೆ, ನಲ್ಲಿ ಸುರಿಯುತ್ತದೆ, ಸುರಿಯುತ್ತಲೇ ಇರುತ್ತದೆ, ಎಂಥ ಶುಚಿ ಮನುಷ್ಯ, ಕೈ ತೊಳೆಯೋಕೆ ಇಷ್ಟು ಹೊತ್ತು ಎಂದು ನಾದಿನಿ ಹೆಮ್ಮೆಪಡುತ್ತಾಳೆ, ತಾನು ಕೇಕಿನ ಇನ್ನೊಂದು ತುಂಡಿಗೆ ಕೈ ಚಾಚುತ್ತೇನೆ, ಹೆಂಡತಿ ಮೇಜಿನ ಕೆಳಗೆ ಕಾಲು ತುಳಿಯುತ್ತಾಳೆ, ಸಿಟ್ಟು ಬರುತ್ತದೆ, ಆ ಸಿಟ್ಟಿನಲ್ಲಿ ಬಾಗಿಲಾಚೆಯದು ಏನೂ ಕೇಳಿಸುವುದಿಲ್ಲ, ನೀರು ಮಾತ್ರ.

ಸಿಸ್ಟರ್, ಸ್ವಲ್ಪ ಹೊರಗಿರಿ, ಎಂದ, ಸಹಾಯಕಿ ಬಾಗಿಲು ಎಳೆದುಕೊಂಡು ಹೋದಳು, ದೀಪ ಆರಿಸಿ, ಕುರ್ಚಿ ನೆಟ್ಟಗೆ ಮಾಡಿ, ಮುಖಗವಸು ಕೆಳಗೆ ಇಳಿಸಿ ಸ್ಟೂಲಿನ ಮೇಲೆ ಕೂತ, ಕೂತಾಗ ಹೊಟ್ಟೆ ಮಡಿಕೆಯಾಯಿತು, ಈಗಲೂ ಅದರ ನೆನಪೇ, ಥೂ, ಏನು ಕೇಳುವುದು, ಹೇಗೆ ಕೇಳುವುದು, ಆ ಹುಡುಗಿಯನ್ನು ಮಗಳೇ ಎಂದು ಕರೆದಿದ್ದೆ, ಇವನನ್ನು ಇಷ್ಟು ವರ್ಷ ನೀವು ಎಂದೇ ದೂರ ಇಟ್ಟಿದ್ದೇನೆ, ಏನೂ ಕೇಳದೆ ಒಂದು ಪೇಸ್ಟ್ ಬರೆದುಕೊಟ್ಟು ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ, ಅವನ ಸೊಂಟ ಅವನಿಗೆ, ನನ್ನ ಹೊಟ್ಟೆ ನನಗೆ —

ಊಟ ಆದಮೇಲೆ ವಾಂತಿ ಮಾಡ್ಕೋತೀಯಾ?

ಕೇಳಿಬಿಟ್ಟ, ನೀನು ಎಂದದ್ದು ಕೇಳಿದ ಮೇಲೆ ಗೊತ್ತಾಯಿತು, ಷಡ್ಡಕ ಬಟ್ಟಲಿನ ನೀರನ್ನೇ ನೋಡುತ್ತಿದ್ದ, ಗ್ಯಾಸ್ಟ್ರಿಕ್ ಭಾವ, ಹುಳಿತೇಗು ಬರುತ್ತೆ ಅಷ್ಟೆ ಅಂದ, ಜಾಣ, ಇಬ್ಬರಿಗೂ ದಾರಿ ಬಿಟ್ಟುಕೊಡುತ್ತಿದ್ದಾನೆ, ಹೌದು ಎಂದು ತಲೆಯಾಡಿಸಿದರೆ ಮುಗಿಯಿತು, ತಲೆಯಾಡಿಸಲಿಲ್ಲ, ಆ ಬೆರಳನ್ನು ಹಿಡಿದುಕೊಂಡ, ದಡ್ಡಿನ ಮೇಲೆ ಹೆಬ್ಬೆರಳು ಇಟ್ಟ, ಕೈ ಎಷ್ಟು ತಣ್ಣಗಿದೆ, ಬಿಡಿಸಿಕೊಳ್ಳುತ್ತಾನೆ ಎಂದುಕೊಂಡರೆ ಬಿಡಿಸಿಕೊಳ್ಳಲಿಲ್ಲ, ಹೆಗಲು ಮಾತ್ರ ಕುಸಿಯಿತು, ಆಮೇಲೆ ಮಾತು ಬಂತು, ಒಂದರ ಹಿಂದೆ ಒಂದು, ಮದುವೆಯ ಫೋಟೋ ನೋಡಿದಾಗಿನಿಂದ ಭಾವ, ಮೊದಲು ಊಟ ಬಿಟ್ಟನಂತೆ, ಆಮೇಲೆ ಓಡಿದನಂತೆ, ಎಲ್ಲರೂ ಹೊಗಳಿದರು, ಹೊಗಳಿದಷ್ಟೂ ಹೆದರಿಕೆ, ಮತ್ತೆ ಗುಂಡಣ್ಣ ಆಗಿಬಿಟ್ಟರೆ, ಹಸಿವು ತಡೆಯದೆ ಮನೆಯಲ್ಲಿ ಯಾರೂ ಇಲ್ಲದಾಗ ಫ್ರಿಜ್ ಮುಂದೆ ನಿಂತು ಸಿಕ್ಕಿದ್ದೆಲ್ಲ ನುಂಗುತ್ತಾನಂತೆ, ಬ್ರೆಡ್ಡು, ಬೆಣ್ಣೆ, ತಣ್ಣಗಿನ ಅನ್ನ, ರುಚಿಯೂ ಗೊತ್ತಾಗದೆ, ಆಮೇಲೆ ಬಚ್ಚಲು, ನಲ್ಲಿ, ಈಚೆಗೆ ಎದೆ ಒಮ್ಮೊಮ್ಮೆ ಬಡಿತ ತಪ್ಪುತ್ತದೆ, ಅಂಗಡಿಯ ಮೆಟ್ಟಿಲಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟಿದ್ದ, ಯಾರಿಗೆ ಹೇಳುವುದು, ಹೆಣ್ಣುಮಕ್ಕಳ ಕಾಯಿಲೆ ನನಗೆ ಬಂದಿದೆ ಎಂದು ಹೇಳಿಕೊಂಡು ತಿರುಗಲಾ, ಎಂದು ನಕ್ಕ, ನಗು ಅರ್ಧಕ್ಕೇ ನಿಂತಿತು. ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ಭಾವ, ಅಂದ, ತಲೆ ಎತ್ತದೆ, ನೀವು ತಿಂತೀರಿ, ತಿಂದು ಅಲ್ಲೇ ಕೂತಿರ್ತೀರಿ.

ನನ್ನನ್ನಾ, ನನ್ನ ಮೇಲೆ ಇವನಿಗಾ, ಈ ಹೊಟ್ಟೆಯ ಮೇಲೆ, ನಗಬೇಕೋ ಏನು ಮಾಡಬೇಕೋ ತಿಳಿಯದೆ ಫೋನ್ ಕೈಗೆತ್ತಿಕೊಂಡ, ಜೊತೆಗೆ ಓದಿದ ಗೆಳೆಯನೊಬ್ಬ ದೊಡ್ಡ ಆಸ್ಪತ್ರೆಯಲ್ಲಿ ಫಿಸಿಷಿಯನ್, ವಿಷಯ ಹೇಳುತ್ತಲೇ ಆ ಕಡೆಯ ದನಿ ಗಂಭೀರವಾಯಿತು, ಎದೆ ಬಡಿತ ತಪ್ಪುತ್ತೆ ಅಂದ್ಯಲ್ಲ, ನಾಳೆ ಬೇಡ, ಈಗಲೇ ಕರಕೊಂಡು ಬಾ, ರಕ್ತದಲ್ಲಿ ಲವಣ ಎಷ್ಟಿದೆ ಮೊದಲು ನೋಡಬೇಕು, ಆಮೇಲೆ ಮನಸ್ಸಿನ ಡಾಕ್ಟರ್ ಹತ್ತಿರ ನಾನೇ ಮಾತಾಡ್ತೀನಿ, ಗಂಡಸರೂ ಬರ್ತಾರೆ ಕಣೋ, ತಡವಾಗಿ ಬರ್ತಾರೆ ಅಷ್ಟೆ. ಹಲ್ಲು ಆಮೇಲೆ ನೋಡೋಣ, ಎಂದ ಷಡ್ಡಕನಿಗೆ, ಸದ್ಯಕ್ಕೆ ವಾಂತಿಯಾದ ಕೂಡಲೇ ಬ್ರಷ್ ಹಾಕಿ ಉಜ್ಜಬೇಡ, ಬರೀ ನೀರಲ್ಲಿ ಮುಕ್ಕಳಿಸು, ಇನ್ನಷ್ಟು ಸವೆಯುತ್ತೆ, ಇಷ್ಟು ಹೇಳುವುದು ಸುಲಭ, ತನ್ನ ಕಸುಬು, ಇದರಾಚೆಯದು ತನಗೆ ಗೊತ್ತಿಲ್ಲ, ನನ್ನವಳಿಗೆ ಹೇಳಬೇಡಿ ಭಾವ ಅಂದ ಷಡ್ಡಕ, ಕಣ್ಣು ತುಂಬಿತ್ತು, ಅಯ್ಯೋ, ಸ್ವಲ್ಪ ಹೊತ್ತಿನ ಹಿಂದೆ ಊಟದ ಮೇಜಿನಲ್ಲಿ ಬಡಿಸಲು ಸಿದ್ಧಮಾಡಿಕೊಂಡಿದ್ದೆನಲ್ಲ ಇದನ್ನು. ನಾನು ಹೇಳಲ್ಲ, ನೀನೇ ಹೇಳು, ನಾನು ಪಕ್ಕದಲ್ಲಿ ಕೂತಿರ್ತೀನಿ. ಷಡ್ಡಕ ಎದ್ದ, ಮುಖ ತೊಳೆದುಕೊಂಡು ಬರ್ತೀನಿ ಅಂದ, ಒಳಗೆ ಹೋದ, ನಲ್ಲಿ ಸುರಿಯತೊಡಗಿತು, ಅದೇ ಸದ್ದು, ಎದ್ದುಬಿಟ್ಟ, ಕಾಲು ತಾನಾಗಿ ಎದ್ದಿತು, ಬಾಗಿಲ ಹತ್ತಿರ ಹೋಗಿ ನೋಡಿದರೆ ಬಾಗಿಲು ಮುಚ್ಚಿಲ್ಲ, ಬೇಕೆಂದೇ ತೆರೆದಿಟ್ಟಿದ್ದಾನೋ, ಮರೆತನೋ, ಬೇಸಿನ್ನಿನ ಮೇಲೆ ಬಗ್ಗಿ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಾನೆ, ಮುಖಕ್ಕೆ ಮಾತ್ರ, ಬಗ್ಗಿದ ಆ ಸೊಂಟ ಎಷ್ಟು ಸಣ್ಣ, ಈಗಲೂ, ಇಷ್ಟೆಲ್ಲ ಕೇಳಿದ ಮೇಲೂ ಎದೆಯಲ್ಲಿ ಚುರ್ ಎಂದಿತಲ್ಲ, ಎಂಥ ಜನ್ಮವಪ್ಪ ನನ್ನದು, ಒದ್ದೆಯಾದ ಅಂಗಿ ಬೆನ್ನಿಗೆ ಅಂಟಿಕೊಂಡಿದೆ, ಅಂಗಿಯ ಕೆಳಗೆ ಬೆನ್ನುಮೂಳೆ, ಒಂದೊಂದು ಗೆಣ್ಣೂ ಎದ್ದು, ಕುತ್ತಿಗೆಯಿಂದ ಸೊಂಟದವರೆಗೆ, ನಲ್ಲಿ ಸುರಿಯುತ್ತಿದೆ, ನಲ್ಲಿ, ಆ ಬೆನ್ನು, ನೀರು